ಒಂದೇ ಹಗ್ಗಕ್ಕೆ ಎರಡು ಹೊಣೆ: ಲಾರಿಗೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುವ ವಿದ್ಯೆಯ ಸಮೀಕ್ಷೆ

ಧಾರವಾಡ ಜಿಲ್ಲೆಯ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿ. ಪಶ್ಚಿಮದ ಅಂಚಿಗೆ ಮಲೆನಾಡನ್ನು ಮುಟ್ಟಿಕೊಂಡ ಅಳ್ನಾವರ. ನವಲಗುಂದದಲ್ಲಿ ಕಡಲೆ ಹೇರಿಕೊಂಡ ಲಾರಿಗೆ ಗಾಳಿ, ಧೂಳು, ಬಿಸಿಲಿನ ಚಿಂತೆ. ಅದೇ ಲಾರಿ ಧಾರವಾಡ ದಾಟಿ ಅಳ್ನಾವರ, ರಾಮನಗರ, ಅನಮೋಡ ಘಾಟಿನ ಮೇಲೆ ಗೋವಾಕ್ಕೆ ಇಳಿಯಬೇಕಾದರೆ ಮಳೆ, ತಿರುವು, ಇಳಿಜಾರಿನ ಚಿಂತೆ. ಒಂದೇ ಓಟದಲ್ಲಿ ಎರಡು ಹವಾಮಾನ. ಎರಡಕ್ಕೂ ತಲೆಮಾರುಗಳಿಂದ ನಡೆದುಬಂದ ಉಪಾಯ ಒಂದೇ: ತಾಡಪತ್ರಿ ಹೊದಿಸು, ಹಗ್ಗ ಬಿಗಿ.

ಈ ಉಪಾಯ ಇನ್ನು ಸಾಕೇ ಎಂಬ ಪ್ರಶ್ನೆ ಈಗ ಎದ್ದಿದೆ. ಹಗ್ಗ ಬಿಟ್ಟು ಪಾಲಿಯೆಸ್ಟರ್ ಪಟ್ಟಿ ಹಾಕಿ ಎನ್ನುವವರಿದ್ದಾರೆ. ತೆರೆದ ಲಾರಿಯೇ ಬೇಡ, ಕಂಟೇನರ್ ತನ್ನಿ ಎನ್ನುವವರಿದ್ದಾರೆ. ಥಪ್ಪಿ, ಅಂದರೆ ಚೀಲಗಳ ಅಟ್ಟಿ, ಸರಿ ಹಚ್ಚಿದರೆ ಹಗ್ಗದ ಗೊಡವೆಯೇ ಇಲ್ಲ ಎನ್ನುವ ಹಳೆಯ ಹಮಾಲರೂ ಇದ್ದಾರೆ. ಎಲ್ಲರ ಮಾತಿನಲ್ಲೂ ನಿಜವಿದೆ. ಆದರೆ ಒಬ್ಬರ ಮಾತು ಇನ್ನೊಬ್ಬರ ಪ್ರಶ್ನೆಗೆ ಉತ್ತರವಾಗುವುದಿಲ್ಲ. ತಾಡಪತ್ರಿ ಹಾರದಂತೆ ಹಿಡಿಯುವುದು ಒಂದು ಕೆಲಸ, ಸರಕು ಜರುಗದಂತೆ ಹಿಡಿಯುವುದು ಇನ್ನೊಂದು. ನಮ್ಮ ಕಡೆ ಈ ಎರಡನ್ನೂ ಒಂದೇ ಹಗ್ಗದ ಮೇಲೆ ಹೊರಿಸುತ್ತ ಬಂದಿದ್ದೇವೆ. ವಾದದ ಗೊಂದಲಕ್ಕೆಲ್ಲ ಇದೇ ಮೂಲವೆಂದು ನನ್ನ ತಿಳಿವಳಿಕೆ.

ಚಕ್ಕಡಿಯ ಕಾಲ

ಸುಗ್ಗಿಯಲ್ಲಿ ಕಣಕಿ ಹೇರಿದ ಚಕ್ಕಡಿಯನ್ನು ನೋಡಿದವರಿಗೆ ಈ ವಿದ್ಯೆಯ ಬೇರು ಎಲ್ಲಿದೆಯೆಂದು ಹೇಳಬೇಕಿಲ್ಲ. ಗಾಲಿಯ ಎರಡೂ ಬದಿಗೆ ಚಾಚಿಕೊಂಡ ಹೇರು, ಅದರ ಮೇಲಿಂದ ಎಸೆದ ಹಗ್ಗ, ಒಂದು ಕಾಲನ್ನು ಗಾಲಿಗೆ ಆನಿಸಿ ಮೈಭಾರವನ್ನೆಲ್ಲ ಹಾಕಿ ಎಳೆಯುವ ಆಳು. ಆ ಹಗ್ಗ ಊರಲ್ಲೇ ಹುಟ್ಟುತ್ತಿತ್ತು. ಹೊಲದಂಚಿನ ಪುಂಡಿಯನ್ನು ನೀರಿನಲ್ಲಿ ಕೊಳೆಹಾಕಿ, ನಾರು ಬಿಡಿಸಿ, ಹುರಿಮಾಡಿ ಹೊಸೆಯುತ್ತಿದ್ದರು. ಕತ್ತಾಳೆ ನಾರಿನ ಹಗ್ಗವೂ ಇತ್ತು. ಚರ್ಮದ ಮಿಣಿ, ಬಾರುಗಳನ್ನು ಮಾದರು ಮಾಡಿಕೊಟ್ಟು ಸುಗ್ಗಿಯಲ್ಲಿ ಆಯ ಪಡೆಯುತ್ತಿದ್ದರು. ಲಾರಿಯ ಹಗ್ಗದ ಚರಿತ್ರೆ ಬರೆಯುವವರು ಈ ಕೈಗಳನ್ನು ಮರೆತು ಬರೆಯಬಾರದು.

ಚಕ್ಕಡಿಗೂ ಮೊದಲು ಘಟ್ಟದ ಸರಕು ಲಂಬಾಣಿಗರ ಹೇರಿನ ಎತ್ತುಗಳ ಬೆನ್ನ ಮೇಲೆ ಹೋಗುತ್ತಿತ್ತು. ಎಡಬಲದ ಚೀಲಗಳ ತೂಕ ಸಮನಾಗಿದ್ದರೆ ಹೇರು ನಿಲ್ಲುತ್ತದೆ, ಇಲ್ಲದಿದ್ದರೆ ಎಷ್ಟು ಬಿಗಿದರೂ ವಾಲುತ್ತದೆ. ಇಂದಿನ ಹಮಾಲರ ಥಪ್ಪಿಯ ಲೆಕ್ಕ ಇದೇ.

ಹೊದಿಕೆಯ ಮಹತ್ವ ಈ ಭಾಗಕ್ಕೆ ತಿಳಿದದ್ದು ಹತ್ತಿಯಿಂದ. 19ನೇ ಶತಮಾನದ ನಡುಭಾಗದಲ್ಲಿ ಧಾರವಾಡದ ಸುತ್ತ ಅಮೆರಿಕನ್ ತಳಿಯ ಹತ್ತಿ ಬೇರೂರಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಇತ್ತ ತಿರುಗಿತು. ಹುಬ್ಬಳ್ಳಿ, ಧಾರವಾಡದ ಹತ್ತಿ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ದಾರಿಯಲ್ಲಿ ಮಣ್ಣು ಸೇರುವುದು, ತೇವ ತಗಲುವುದು, ಬೇಕೆಂದೇ ನೀರು ಚಿಮುಕಿಸಿ ತೂಕ ಹೆಚ್ಚಿಸುವುದು ಇವೆಲ್ಲ ದೊಡ್ಡ ದೂರುಗಳಾದವು. ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಕಲಬೆರಕೆ ತಡೆಯಲು ಪ್ರತ್ಯೇಕ ಕಾಯ್ದೆಯನ್ನೇ ತಂದಿತು. ಸರಕನ್ನು ಮುಚ್ಚಿ ಸಾಗಿಸುವುದೆಂದರೆ ಮಳೆಯಿಂದ ಕಾಯುವುದಷ್ಟೇ ಅಲ್ಲ, ನಂಬಿಕೆಯನ್ನು ಕಾಯುವುದು ಎಂಬ ಪಾಠ ಅಲ್ಲಿಂದ ಬಂತು.

1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯ ಹಳಿಗಳು ಹುಬ್ಬಳ್ಳಿಯಿಂದ ಲೋಂಡಾದ ಕಡೆಗೆ ಬಂದವು. ಮುಂದೆ ದಾಂಡೇಲಿಗೆ ಕವಲು ಹೊರಟು ಅಳ್ನಾವರ ಜಂಕ್ಷನ್ ಆಯಿತು. ಹಳಿಯವರೆಗೆ ಬಂಡಿ, ಹಳಿಯ ಮೇಲೆ ವ್ಯಾಗನ್. ಲಾರಿಗಳು ಹೆಚ್ಚಿದ್ದು ಎರಡನೇ ಮಹಾಯುದ್ಧದ ನಂತರ. 1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾ-ಮರ್ಸಿಡಿಸ್ ಲಾರಿಗಳ ತಯಾರಿಕೆ ಶುರುವಾದ ಮೇಲೆ ಊರೂರಿಗೂ ಲಾರಿ ಬಂತು. ಚಾಸಿ ಕಾರ್ಖಾನೆಯದು; ಅದರ ಮೇಲಿನ ಮರದ ಬಾಡಿ ನಮ್ಮ ಬಡಿಗರದು. ಬಾಡಿಯ ಕೆಳಗಂಚಿಗೆ ಸಾಲಾಗಿ ಹೊಡೆದ ಕಬ್ಬಿಣದ ಹುಕ್ಕುಗಳು ಚಕ್ಕಡಿಯ ಗೂಟದ ಜಾಗ ಹಿಡಿದವು.

ಅಳ್ನಾವರದ ಸರಕು ಕಲಿಸಿದ್ದು

ದೇಶದ ಲಾರಿಗಳೆಲ್ಲ ಹಗ್ಗ ಬಿಗಿಯುತ್ತವೆ. ಅಳ್ನಾವರದ ವಿಶೇಷವಿರುವುದು ಅಲ್ಲಿ ಹಾದುಹೋಗುವ ಸರಕಿನ ವೈವಿಧ್ಯದಲ್ಲಿ. ಹಳಿಯಾಳ, ದಾಂಡೇಲಿ ಕಾಡಿನ ಸಾಗವಾನಿ, ಮತ್ತಿ, ನಂದಿ ದಿಮ್ಮಿಗಳು ಈ ಕಡೆಯಿಂದಲೇ ಬಯಲಿಗೆ ಬಂದವು. ದಿಮ್ಮಿಗೆ ತಾಡಪತ್ರಿ ಬೇಡ, ಹಗ್ಗ ಸಾಲದು. ಎರಡೂ ಬದಿಗೆ ಗಟ್ಟಿ ಗೂಟ ನಿಲ್ಲಿಸಿ, ದಪ್ಪ ದಿಮ್ಮಿ ಅಡಿಗೆ ಹಾಕಿ, ಸಂದಿಗಳಲ್ಲಿ ಸಣ್ಣವನ್ನು ಕೂರಿಸಿ, ಮೇಲೆ ಸರಪಳಿ ಸುತ್ತಿ, ಸರಪಳಿಯೊಳಗೆ ಒಂದು ಕೋಲು ತೂರಿಸಿ ತಿರುಚಿ ಬಿಗಿಯಬೇಕು. ದುಂಡನೆಯ ವಸ್ತುವಿಗೆ ಉರುಳುವುದೇ ಸ್ವಭಾವ. ಅದನ್ನು ತಡೆಯುವುದು ಗೂಟ, ಸರಪಳಿಯಲ್ಲ. ಸರಪಳಿ ಇರುವುದು ದಿಮ್ಮಿಗಳೆಲ್ಲ ಒಂದಾಗಿ ಕೂರಲಿ ಎಂದು.

ಬಿದಿರಿನ ಕಥೆ ಬೇರೆ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ದಶಕಗಳ ಕಾಲ ಬಿದಿರನ್ನು ಅರೆಯಿತು. ಹಸಿ ಬಿದಿರಿನ ಮೈ ನುಣುಪು. ಬಿಗಿದ ಕಟ್ಟಿನ ನಡುವಿನ ಒಂದು ಗಳ ಜಾರಿತೆಂದರೆ ಇಡೀ ಕಟ್ಟು ಸಡಿಲ. ಅದಕ್ಕಾಗಿ ಮೊದಲು ಸಣ್ಣ ಕಟ್ಟುಗಳು, ಆಮೇಲೆ ಕಟ್ಟುಗಳ ಹೇರು.

ಕಬ್ಬು ಇನ್ನೂ ಒಂದು ಹೆಜ್ಜೆ ಮುಂದೆ. ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರ್ ಟ್ರೇಲರ್‌ಗಳನ್ನು ಗಮನಿಸಿ. ಕಬ್ಬಿನ ತುದಿಯ ಹಸಿ ಸೋಗೆಯಿಂದಲೇ ಕಟ್ಟು ಕಟ್ಟುತ್ತಾರೆ. ಹೇರುವ ಮೊದಲೇ ಟ್ರೇಲರಿನ ತಳಕ್ಕೆ ಅಡ್ಡಲಾಗಿ ಸರಪಳಿ ಅಥವಾ ತಂತಿ ಹಗ್ಗ ಹಾಸಿರುತ್ತಾರೆ. ಅದು ಸರಕನ್ನು ದಾರಿಯಲ್ಲಿ ಹಿಡಿಯಲಿಕ್ಕಲ್ಲ, ಕಾರ್ಖಾನೆಯಲ್ಲಿ ಕ್ರೇನಿನಿಂದ ಹೇರನ್ನು ಒಮ್ಮೆಗೇ ಎತ್ತಲಿಕ್ಕೆ. ದಾರಿಯುದ್ದಕ್ಕೂ ಕಬ್ಬನ್ನು ಹಿಡಿದಿರುವುದು ಬಹುಪಾಲು ಕಬ್ಬಿನ ತೂಕ ಮತ್ತು ಒಂದಕ್ಕೊಂದು ಸಿಕ್ಕಿಕೊಂಡ ಜಲ್ಲೆಗಳು. ರಾತ್ರಿ ಆ ರಸ್ತೆಯಲ್ಲಿ ಬೈಕ್ ಓಡಿಸುವವರಿಗೆ ಇದು ನೆಮ್ಮದಿ ಕೊಡುವ ಸಂಗತಿಯಲ್ಲ.

ಹೊದಿಸುವ ಕ್ರಮ

ಚೀಲದ ಲೋಡಿಗೆ ತಾಡಪತ್ರಿ ಹಾಕುವುದನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಎಷ್ಟು ವಿಚಾರ ಅಡಗಿದೆಯೆಂದು ತಿಳಿಯುತ್ತದೆ. ಮೊದಲನೆಯದು ಥಪ್ಪಿಯ ಆಕಾರ. ಮೇಲಿನ ಸಾಲನ್ನು ನಡುವಿನಲ್ಲಿ ತುಸು ಎತ್ತರಿಸಿ ಬೆನ್ನು ಬರುವಂತೆ ಮಾಡುತ್ತಾರೆ. ಮಟ್ಟವಾಗಿ ಬಿಟ್ಟರೆ ತಾಡಪತ್ರಿಯ ಮೇಲೆ ನೀರು ನಿಂತು, ಆ ಭಾರಕ್ಕೆ ಗುಂಡಿ ಬಿದ್ದು, ಗುಂಡಿಯಲ್ಲಿ ಮತ್ತಷ್ಟು ನೀರು ತುಂಬಿ, ಕೊನೆಗೆ ಹೊಲಿಗೆಯ ಮೂಲಕ ಚೀಲಕ್ಕೆ ಇಳಿಯುತ್ತದೆ.

ಎರಡು ತಾಡಪತ್ರಿ ಬೇಕಾದರೆ ಹಿಂದಿನದನ್ನು ಮೊದಲು ಹಾಸಿ, ಮುಂದಿನದರ ಅಂಚು ಅದರ ಮೇಲೆ ಬರುವಂತೆ ಹೊದಿಸುತ್ತಾರೆ, ಮಂಗಳೂರು ಹೆಂಚು ಹೊದಿಸಿದ ಹಾಗೆ. ಓಡುವ ಲಾರಿಗೆ ಗಾಳಿ ಯಾವಾಗಲೂ ಎದುರಿನಿಂದಲೇ. ಅಂಚು ಮುಂದಕ್ಕೆ ಬಾಯ್ದೆರೆದಿದ್ದರೆ ಗಾಳಿ ಒಳನುಗ್ಗಿ ತಾಡಪತ್ರಿಯನ್ನು ಉಬ್ಬಿಸುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ಸವರಿಕೊಂಡು ಹೋಗುತ್ತದೆ. ಮೂಲೆಗಳ ಮಡಿಕೆಗೂ ಇದೇ ನಿಯಮ. ಮುಂದಿನ ಮೂಲೆಯ ಬಟ್ಟೆಯನ್ನು ಮೊದಲು ಒಳಗೆ ಒತ್ತಿ, ಬದಿಯ ಬಟ್ಟೆಯನ್ನು ಅದರ ಮೇಲೆ ಎಳೆದು, ಮಡಿಕೆಯ ಬಾಯಿ ಹಿಂದಕ್ಕೆ ಬರುವಂತೆ ಮಾಡಬೇಕು. ಇದನ್ನು ತಿರುವುಮುರುವು ಮಾಡಿದ ಲಾರಿ ಧಾರವಾಡದ ಬೈಪಾಸ್ ಮುಟ್ಟುವಷ್ಟರಲ್ಲಿ ಪಟಪಟ ಬಡಿದುಕೊಳ್ಳತೊಡಗುತ್ತದೆ. ಬಡಿತಕ್ಕೆ ಮೊದಲು ಹರಿಯುವುದು ಹಗ್ಗ ಪೋಣಿಸುವ ಕಣ್ಣು.

ಆಮೇಲೆ ಹಗ್ಗ. ಒಂದು ತುದಿಯನ್ನು ಮುಂದಿನ ಹುಕ್ಕಿಗೆ ಕಟ್ಟಿ, ಸುರುಳಿಯನ್ನು ಹೇರಿನ ಮೇಲಿಂದ ಆಚೆ ಬದಿಗೆ ಎಸೆದು, ಅಲ್ಲಿನ ಹುಕ್ಕಿಗೆ ಬಿಗಿದು, ಮತ್ತೆ ಈಚೆಗೆ ಎಸೆಯುತ್ತ ಹಿಂದಿನ ಹಲಗೆಯವರೆಗೆ ಹೋಗುತ್ತಾರೆ. ಮೇಲಿನಿಂದ ನೋಡಿದರೆ ಹಗ್ಗ ಅಂಕುಡೊಂಕಾಗಿ ಸಾಗಿರುತ್ತದೆ. ಹಗ್ಗ ಮಡಚುವ ಚೂಪು ಅಂಚುಗಳಿಗೆ ಹಳೆಯ ಗೋಣಿಚೀಲದ ತುಂಡು ಇಡುವುದು ಬಲ್ಲವರ ಲಕ್ಷಣ.

ಇದೇ ಕ್ರಮ ಎಲ್ಲ ಸರಕಿಗೂ ಒಗ್ಗುವುದಿಲ್ಲ. ಒಣಮೆಣಸಿನಕಾಯಿಗೆ ಬಿಗಿ ಹೆಚ್ಚಾದರೆ ಕಾಯಿ ಪುಡಿಯಾಗಿ ಬೆಲೆ ಬೀಳುತ್ತದೆ. ಮಾವಿನಹಣ್ಣಿಗೆ ಗಾಳಿಯಾಡಬೇಕು. ತೇವ ಪೂರ್ತಿ ಆರದ ಗೋವಿನಜೋಳಕ್ಕೆ ಬಿಗಿಯಾಗಿ ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಮಳೆಯಿಂದ ಕಾಯಲು ಹೊದಿಸಿದ್ದೇ ಸರಕನ್ನು ಕೆಡಿಸುತ್ತದೆ. ಹಳೆಯ ಹತ್ತಿಬಟ್ಟೆಯ ತಾಡಪತ್ರಿ ಭಾರವಾಗಿತ್ತು, ನೆನೆದರೆ ಇಬ್ಬರಿಂದಲೂ ಎತ್ತಲಾಗುತ್ತಿರಲಿಲ್ಲ, ಆದರೆ ಅಷ್ಟಿಷ್ಟು ಉಸಿರಾಡುತ್ತಿತ್ತು. ಈಗಿನ ಪ್ಲಾಸ್ಟಿಕ್ ನೇಯ್ಗೆಯದು, ಸಿಲ್ಪಾಲಿನ್ ಮಾದರಿಯದು ಹಗುರ, ಅಗ್ಗ, ನೀರು ಬಿಡದು, ಉಸಿರನ್ನೂ ಬಿಡದು. ರೈತ ಸಂಪರ್ಕ ಕೇಂದ್ರದ ಸಹಾಯಧನದಲ್ಲಿ ಸಿಗುವ ತಾಡಪತ್ರಿ ಕಣಕ್ಕೆಂದು ಬಂದದ್ದು, ಟ್ರೇಲರ್ ಏರಿದ್ದನ್ನೂ ಕಾಣುತ್ತೇವೆ.

ಥಪ್ಪಿಯೇ ಮುಖ್ಯ ಎನ್ನುವವರು

ಹಮಾಲರ ವಾದ ಸರಳ: ಹೇರು ತನ್ನನ್ನು ತಾನೇ ಹಿಡಿದುಕೊಳ್ಳಬೇಕು. ಒಂದು ಸಾಲಿನ ಚೀಲ ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ. ಕೆಳಗಿನ ಎರಡು ಚೀಲದ ಸಂದಿಯ ಮೇಲೆ ಮೇಲಿನ ಚೀಲದ ನಡು. ಅಂಚಿನ ಚೀಲಗಳ ಬಾಯಿ ಒಳಮುಖ. ಮೇಲೇರಿದಂತೆ ಪ್ರತಿ ಸಾಲೂ ತುಸು ಒಳಕ್ಕೆ. ಹೀಗೆ ಕಟ್ಟಿದ ಥಪ್ಪಿ ಹಗ್ಗವಿಲ್ಲದೆಯೂ ನಿಲ್ಲುತ್ತದೆ, ಹಗ್ಗಕ್ಕೆ ಉಳಿಯುವುದು ತಾಡಪತ್ರಿ ಹಿಡಿಯುವ ಕೆಲಸ ಮಾತ್ರ.

ಸೆಣಬಿನ ಚೀಲದ ಕಾಲಕ್ಕೆ ಈ ವಾದ ತುಂಬ ಗಟ್ಟಿಯಾಗಿತ್ತು. ಸೆಣಬಿನ ಮೈ ಒರಟು, ಚೀಲ ಚೀಲವನ್ನು ಕಚ್ಚಿಕೊಳ್ಳುತ್ತದೆ. ಗೊಬ್ಬರ, ಸಿಮೆಂಟು, ಈಚೀಚೆಗೆ ಕಾಳುಕಡಿಗೂ ಬಂದ ಪ್ಲಾಸ್ಟಿಕ್ ಚೀಲಗಳು ಜಾರುತ್ತವೆ. ಹಮಾಲರು ಅದೇ ಕೌಶಲದಿಂದ ಹಚ್ಚಿದರೂ ಥಪ್ಪಿ ಮೊದಲಿನಂತೆ ನಿಲ್ಲುವುದಿಲ್ಲ. ಕೌಶಲ ಕುಂದಿದ್ದಲ್ಲ, ಚೀಲದ ಬಟ್ಟೆ ಬದಲಾಗಿದ್ದು. ಹಮಾಲರನ್ನು ದೂರುವವರು ಇದನ್ನು ಗಮನಿಸುವುದಿಲ್ಲ.

ಹತ್ತಿಯ ಅಂಡಿಗೆಗಳಲ್ಲಿ ಈ ವಾದಕ್ಕೆ ಇನ್ನೊಂದು ಅಡ್ಡಿ. ಒತ್ತಿದ ಬೇಲು ಕಬ್ಬಿಣದ ಪಟ್ಟಿಯಲ್ಲಿ ಬಿಗಿದು 170 ಕಿಲೊ ತೂಗುವ ಗಟ್ಟಿ ಪೆಟ್ಟಿಗೆಯಂತಾಗಿರುತ್ತದೆ. ಅಂಡಿಗೆಯೊಳಗಿನ ಬಿಡಿ ಹತ್ತಿ ಹಾಗಲ್ಲ. ಲಾರಿ ಕುಲುಕಿದಂತೆಲ್ಲ ಕುಗ್ಗುತ್ತ ಹೋಗಿ ಥಪ್ಪಿಯ ಎತ್ತರವೇ ಇಳಿಯುತ್ತದೆ. ಅಣ್ಣಿಗೇರಿಯಲ್ಲಿ ಬಿಗಿದ ಹಗ್ಗ ಹುಬ್ಬಳ್ಳಿ ಬರುವಷ್ಟರಲ್ಲಿ ಸಡಿಲಾಗುವುದು ಇದಕ್ಕೇ.

ಗಂಟಿನಲ್ಲಿ ಎಲ್ಲ ಇದೆ ಎನ್ನುವವರು

ಚಾಲಕರು, ಕ್ಲೀನರುಗಳ ನಂಬಿಕೆ ಹಗ್ಗದ ಮೇಲೆ. ಅವರು ಹಾಕುವ ಗಂಟು ನಿಜಕ್ಕೂ ಬೆರಗಿನದು. ಎದೆಯ ಮಟ್ಟದಲ್ಲಿ ಹಗ್ಗವನ್ನು ತಿರುವಿ ಒಂದು ಕುಣಿಕೆ ಮಾಡುತ್ತಾರೆ. ಅದರ ಕೆಳಗಿನ ಹಗ್ಗವನ್ನು ಹುಕ್ಕಿಗೆ ಸಿಕ್ಕಿಸಿ, ಮೇಲೆ ತಂದು, ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಜಗ್ಗುತ್ತಾರೆ. ಹುಕ್ಕು, ಕುಣಿಕೆ ಎರಡೂ ರಾಟೆಯ ಕೆಲಸ ಮಾಡುವುದರಿಂದ ಲೆಕ್ಕದ ಪ್ರಕಾರ ಎಳೆತ ಮೂರು ಪಟ್ಟಾಗಬೇಕು. ಹಗ್ಗ ಹಗ್ಗಕ್ಕೆ ಉಜ್ಜುವ ಘರ್ಷಣೆ ಅದರಲ್ಲಿ ಬಹುಪಾಲನ್ನು ನುಂಗುತ್ತದೆ. ಆದರೆ ಕೈ ಬಿಟ್ಟಾಗ ಹಗ್ಗ ಹಿಂದಕ್ಕೆ ಜಾರದಂತೆ ಹಿಡಿಯುವುದೂ ಅದೇ ಘರ್ಷಣೆ. ಬಿಚ್ಚಬೇಕೆಂದಾಗ ಬಾಲವನ್ನು ಒಮ್ಮೆ ಎಳೆದರೆ ಸಾಕು, ಕುಣಿಕೆ ತಾನೇ ಕರಗಿಹೋಗುತ್ತದೆ.

ಇದೇ ಗಂಟನ್ನು ಇಂಗ್ಲೆಂಡಿನ ಲಾರಿ ಚಾಲಕರು ಡಾಲಿ ಎಂದರು, ಅದಕ್ಕೂ ಮೊದಲು ಅಲ್ಲಿನ ಗಾಡಿಯವರು ಬಳಸುತ್ತಿದ್ದರು. ಅಮೆರಿಕದ ಕ್ಲಿಫರ್ಡ್ ಆಶ್ಲಿ 1944ರಲ್ಲಿ ಹೊರತಂದ ಗಂಟುಗಳ ಬೃಹತ್ ಗ್ರಂಥದಲ್ಲೂ ಇದು ಗಾಡಿಯವರ ಗಂಟಾಗಿಯೇ ಬರುತ್ತದೆ. ಆದರೆ ಬಳಸುವ ಕ್ರಮದಲ್ಲಿ ಒಂದು ವ್ಯತ್ಯಾಸವಿತ್ತು. ಇಂಗ್ಲೆಂಡಿನಲ್ಲಿ ಕಸಬು ಬಲ್ಲ ಚಾಲಕರು ಮೊದಲು ಸರಕಿಗೆ ಹಗ್ಗ ಬಿಗಿದು, ಆಮೇಲೆ ತಾಡಪತ್ರಿ ಹೊದಿಸಿ, ಅದಕ್ಕೆ ಬೇರೆ ಹಗ್ಗ ಕಟ್ಟುತ್ತಿದ್ದರು. ಎರಡು ಹೊಣೆಗೆ ಎರಡು ಹಗ್ಗ. ನಮ್ಮಲ್ಲಿ ಎತ್ತರದ ಗೋಡೆಯ ಬಾಡಿ ಇದ್ದುದರಿಂದ, ಹಗ್ಗ ದುಬಾರಿಯಾಗಿದ್ದುದರಿಂದ, ಮೊದಲನೆಯ ಸುತ್ತು ಬಿಟ್ಟುಹೋಯಿತು. ನಮ್ಮ ಪದ್ಧತಿಯ ದೊಡ್ಡ ಕೊರತೆ ಇದೇ ಎನ್ನುತ್ತೇನೆ.

ಗಂಟಿನವರ ಬಲ ಅವರ ಕೈಯಲ್ಲಿದೆ. ಹಗ್ಗವನ್ನು ಬೆರಳಿನಿಂದ ಮೀಟಿ ಬಿಗಿ ಎಷ್ಟಿದೆಯೆಂದು ಹೇಳುತ್ತಾರೆ. ಹೊರಟು ಕೆಲವು ಮೈಲಿ ಹೋದ ಮೇಲೆ ನಿಲ್ಲಿಸಿ ಮತ್ತೆ ಜಗ್ಗುತ್ತಾರೆ. ತಮ್ಮ ಗಂಟನ್ನು ತಾವು ಗುರುತಿಸುತ್ತಾರೆ. ರಾತ್ರಿ ಢಾಬಾದಲ್ಲಿ ಯಾರಾದರೂ ಬಿಚ್ಚಿ ಕಟ್ಟಿದ್ದರೆ ಬೆಳಗ್ಗೆ ತಿಳಿಯುತ್ತದೆ. ದೇಶದೇಶಗಳ ಗಡಿ ದಾಟುವ ಲಾರಿಗಳಿಗಾಗಿ ಇರುವ, 2017ರಲ್ಲಿ ಭಾರತವೂ ಸೇರಿದ ಟಿಐಆರ್ ಒಪ್ಪಂದದಲ್ಲಿ ತಾಡಪತ್ರಿಯ ಹಗ್ಗವನ್ನು ಗುರುತು ಉಳಿಯದಂತೆ ಬಿಚ್ಚಲಾಗಬಾರದು ಎಂಬ ನಿಯಮವಿದೆ. ನಮ್ಮ ಚಾಲಕರು ಅದನ್ನು ಮೊಹರಿಲ್ಲದೆ ಸಾಧಿಸಿದ್ದರು.

ಅವರ ದೌರ್ಬಲ್ಯ ಹಗ್ಗದ ಗುಣದಲ್ಲಿದೆ. ನಾರಿನ ಹಗ್ಗ ನೆನೆದಾಗ ಉಬ್ಬಿ ಗಿಡ್ಡಾಗುತ್ತದೆ, ಆರಿದಾಗ ಸಡಿಲಾಗುತ್ತದೆ. ಅಳ್ನಾವರದ ಮಳೆಯಲ್ಲಿ ತಂತಿಯಂತೆ ನಿಂತ ಹಗ್ಗ ನವಲಗುಂದದ ಬಿಸಿಲಿಗೆ ಜೋಲುಬೀಳುತ್ತದೆ. ನೈಲಾನ್ ಹಗ್ಗ ಗಟ್ಟಿ, ಆದರೆ ಹಿಗ್ಗುತ್ತದೆ. ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಸೀಳಾಗಿ ಪುಡಿ ಉದುರಿಸುತ್ತದೆ. ಯಾವ ಹಗ್ಗವಾದರೂ ಗಂಟು ಹಾಕಿದ ಜಾಗದಲ್ಲಿ ತನ್ನ ಬಲದ ಮೂರನೇ ಒಂದು ಭಾಗವನ್ನೋ, ಕೆಲವು ಗಂಟುಗಳಲ್ಲಿ ಅರ್ಧವನ್ನೋ ಕಳೆದುಕೊಳ್ಳುತ್ತದೆ.

ಲೆಕ್ಕ ಹಾಕುವವರು

ಎಂಜಿನಿಯರುಗಳು ಕೇಳುವುದು ಬೇರೆಯೇ ಪ್ರಶ್ನೆ: ಗಟ್ಟಿ ಬ್ರೇಕ್ ಹಾಕಿದಾಗ ಏನಾಗುತ್ತದೆ? ಯುರೋಪಿನ, ಆಸ್ಟ್ರೇಲಿಯಾದ ಮಾನದಂಡಗಳು ಹೇಳುವಂತೆ ಬಿಗಿತದ ವ್ಯವಸ್ಥೆ ಮುಂದಕ್ಕೆ ಸರಕಿನ ತೂಕದ 0.8 ಪಾಲು, ಬದಿಗೆ ಮತ್ತು ಹಿಂದಕ್ಕೆ 0.5 ಪಾಲು ಬಲವನ್ನು ತಡೆಯಬೇಕು. ಬ್ರಿಟನ್ನಿನ ಹಳೆಯ ಸಂಹಿತೆ ಮುಂದಕ್ಕೆ ಪೂರ್ತಿ ತೂಕವನ್ನೇ ಕೇಳುತ್ತಿತ್ತು.

ಇದನ್ನು ನಮ್ಮ ಲಾರಿಗೆ ಹಚ್ಚಿ ನೋಡೋಣ. 10 ಟನ್ ಸರಕು, ಹಲಗೆಯೊಂದಿಗೆ ಅದರ ಘರ್ಷಣೆ ತೂಕದ 0.4 ಪಾಲು ಎಂದಿಟ್ಟುಕೊಳ್ಳಿ. ತಡೆಯಬೇಕಾದ ಬಲ 8 ಟನ್. ಸರಕಿನ ಸ್ವಂತ ಘರ್ಷಣೆಯಿಂದ 4 ಟನ್ ಸಿಕ್ಕಿತು. ಉಳಿದ 4 ಟನ್ ಘರ್ಷಣೆ ಹುಟ್ಟಬೇಕಾದರೆ ಹಗ್ಗಗಳು ಸರಕನ್ನು ಇನ್ನೂ 10 ಟನ್‌ನಷ್ಟು ಕೆಳಕ್ಕೆ ಒತ್ತಬೇಕು. ಕೈಯಿಂದ ಜಗ್ಗಿ ಬಿಗಿದ ಹಗ್ಗದಲ್ಲಿ 100 ಕಿಲೊ ಎಳೆತ ನಿಂತಿತು ಎಂದು ಧಾರಾಳವಾಗಿ ಒಪ್ಪಿಕೊಂಡರೂ ಎರಡು ಬದಿ ಸೇರಿ ಒಂದು ಸುತ್ತಿಗೆ ಸಿಗುವುದು 200 ಕಿಲೊ ಒತ್ತಡ. ಅಂದರೆ 50 ಸುತ್ತು ಬೇಕು. ಯಾವ ಲಾರಿಯಲ್ಲೂ 50 ಸುತ್ತು ಹಗ್ಗ ಇರುವುದಿಲ್ಲ.

ಹಾಗಾದರೆ ನಮ್ಮ ಲಾರಿಗಳು ಇಷ್ಟು ದಿನ ಹೇಗೆ ಓಡಿದವು? ಸರಕನ್ನು ಮುಂದಕ್ಕೆ ಹೋಗದಂತೆ ಹಿಡಿದದ್ದು ಕ್ಯಾಬಿನ್ ಹಿಂದಿನ ಗೋಡೆ, ಬದಿಗೆ ಹಿಡಿದದ್ದು ಬಾಡಿಯ ಹಲಗೆಗಳು. ಬಡಿಗರು ಕಟ್ಟಿದ ಆ ಎತ್ತರದ ಪೆಟ್ಟಿಗೆಯೇ ನಮ್ಮ ಸುರಕ್ಷತೆಯಾಗಿತ್ತು. ಹೆಸರು ಹಗ್ಗಕ್ಕೆ ಬಂತು. ಬಾಡಿಯೊಳಗಿನ ಸರಕಿಗೆ ಹಗ್ಗ ಸಾಕು, ಬಾಡಿಯ ಗೋಡೆ ದಾಟಿ ಮೇಲೆದ್ದ ಥಪ್ಪಿಗೆ ಸಾಲದು. ಥಪ್ಪಿಯವರ, ಗಂಟಿನವರ, ಲೆಕ್ಕದವರ ಜಗಳ ನಿಜವಾಗಿ ನಡೆಯಬೇಕಾದದ್ದು ಆ ಗೋಡೆಯ ಮೇಲಿನ ಭಾಗದ ಬಗ್ಗೆ ಮಾತ್ರ.

ಲೆಕ್ಕದವರು ಸೂಚಿಸುವ ಪರಿಹಾರ ಪಾಲಿಯೆಸ್ಟರ್ ಪಟ್ಟಿ ಮತ್ತು ರ‍್ಯಾಚೆಟ್. ಸನ್ನೆಯಂತೆ ಕೆಲಸ ಮಾಡುವ ಹಿಡಿ ಕೈಬಲಕ್ಕಿಂತ ಹೆಚ್ಚು ಬಿಗಿಯನ್ನು ಕೊಡುತ್ತದೆ. ಪಟ್ಟಿಯ ಮೇಲೆ ಅದು ತಡೆಯುವ ಬಲದ ಅಂಕಿ ಬರೆದಿರುತ್ತದೆ. ಯಂತ್ರ, ಕೊಳವೆ, ಕಬ್ಬಿಣದ ಸರಕಿಗೆ ಇದಕ್ಕೆ ಎದುರಿಲ್ಲ. ಚೀಲದ ಸರಕಿಗೆ ಮಾತ್ರ ಅದೇ ಬಿಗಿ ಚೀಲವನ್ನು ಕೊರೆಯುತ್ತದೆ, ಚೀಲ ಕುಗ್ಗಿದಾಗ ಹಿಗ್ಗುಗುಣವಿಲ್ಲದ ಪಟ್ಟಿ ಹಗ್ಗಕ್ಕಿಂತ ಬೇಗ ಸಡಿಲಾಗುತ್ತದೆ. ಚೀಲಕ್ಕೆ ಪಟ್ಟಿ ಹಾಕಿ ಎಂದು ಸಾರಾಸಗಟಾಗಿ ಹೇಳುವವರನ್ನು ನಾನು ಒಪ್ಪುವುದಿಲ್ಲ.

ಮುಚ್ಚಿದ ಬಾಡಿ

ನಾಲ್ಕನೆಯ ವಾದ ಚರ್ಚೆಯನ್ನೇ ಮುಗಿಸಲು ಹೊರಟದ್ದು. 1960ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಬೋಲಾಯ್ ಕಂಪನಿ ಟಾಟ್‌ಲೈನರ್ ಎಂಬ ಪರದೆಯ ಬದಿಯ ಬಾಡಿ ತಂದ ಮೇಲೆ ಅಲ್ಲಿ ಹಗ್ಗ, ತಾಡಪತ್ರಿಯ ಕಸಬು ಒಂದು ತಲೆಮಾರಿನೊಳಗೆ ಅಳಿಯಿತು. ನಮ್ಮಲ್ಲಿ ಪಾರ್ಸೆಲ್ ಸಾಗಣೆ ಕಂಟೇನರಿಗೆ ತಿರುಗಿದೆ. ಮಳೆಗೆ, ಕಳ್ಳತನಕ್ಕೆ ಇದು ಒಳ್ಳೆಯ ಉತ್ತರ. ಆದರೆ ಕಂಟೇನರಿನೊಳಗೂ ಸರಕು ಜರುಗುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಹೋಗುವಾಗ ಗೊಬ್ಬರ, ಬರುವಾಗ ಕಟ್ಟಿಗೆ, ನಡುವೆ ಇಟ್ಟಿಗೆ ಹೇರುವ ಅಳ್ನಾವರದ ಒಂಟಿ ಲಾರಿ ಮಾಲೀಕನಿಗೆ ತೆರೆದ ಬಾಡಿಯೇ ಅನ್ನ.

ಕಾನೂನು ಹಿಡಿದ ದಾರಿ

ಕಾನೂನು ಹಗ್ಗವನ್ನು ನೇರವಾಗಿ ಮುಟ್ಟಿದ್ದು ಕಡಿಮೆ. ತೂಕವನ್ನು ಹಿಡಿದು ಹಗ್ಗದ ಕೆಲಸವನ್ನು ಬದಲಿಸಿತು. 2005ರಲ್ಲಿ ಸುಪ್ರೀಂ ಕೋರ್ಟ್ ಮಿತಿಮೀರಿದ ಭಾರವನ್ನು ದಂಡ ಕಟ್ಟಿಸಿಕೊಂಡು ಬಿಡುವ ಪದ್ಧತಿಗೆ ತಡೆ ಹಾಕಿತು. 2018ರಲ್ಲಿ ಮೂರು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಲಾಯಿತು. 2019ರ ತಿದ್ದುಪಡಿಯಿಂದ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್‌ಗೆ 2,000 ರೂಪಾಯಿ ದಂಡ. ಬಾಡಿಯಿಂದ ಹೊರಚಾಚಿದ ಸರಕಿಗೂ 20,000 ರೂಪಾಯಿ. ಭಾರದ ಸರಕಿನ ಥಪ್ಪಿ ಬಾಡಿಯ ಗೋಡೆಯೊಳಗೆ ಇಳಿದದ್ದು ಇದರಿಂದ. ಹತ್ತಿ, ಮೆಣಸಿನಕಾಯಿ, ಮೇವಿನಂಥ ಹಗುರ ಸರಕು ತೂಕದ ಕಾಟಾಕ್ಕೆ ಸಿಗದೆ ಮೇಲೇ ಉಳಿಯಿತು.

ಹೊದಿಕೆಯ ವಿಷಯ ಧೂಳಿನಿಂದ ಮುಂದೆ ಬಂತು. 2000ದ ದಶಕದಲ್ಲಿ ಹೊಸಪೇಟೆಯಿಂದ ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರದ ಮೇಲೆ ಅಂಕೋಲಾಕ್ಕೆ ಹೋಗುತ್ತಿದ್ದ ಅದಿರು ಲಾರಿಗಳ ಕೆಂಪು ಧೂಳು ಕಲಘಟಗಿಯವರಿಗೆ ನೆನಪಿದೆ. 2010ರಲ್ಲಿ ಅದಿರು ರಫ್ತು, 2011ರಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಂತ ಮೇಲೆ ಆ ಸಾಲು ಕರಗಿತು. ಕಟ್ಟಡ ಸಾಮಗ್ರಿಯನ್ನು ಮುಚ್ಚಿಯೇ ಸಾಗಿಸಬೇಕೆಂಬ ಕೇಂದ್ರದ ನಿಯಮ ಬಂದದ್ದು 2018ರಲ್ಲಿ. 2017ರಲ್ಲಿ ಜಿಎಸ್‌ಟಿ ಬಂದು ತೆರಿಗೆ ಚೆಕ್‌ಪೋಸ್ಟುಗಳು ಹೋದದ್ದು ಇನ್ನೊಂದು ಬದಲಾವಣೆ: ತಪಾಸಣೆಗೆಂದು ನಡುದಾರಿಯಲ್ಲಿ ತಾಡಪತ್ರಿ ಬಿಚ್ಚಿ, ಮಳೆಯಲ್ಲೇ ಅವಸರದಲ್ಲಿ ಮತ್ತೆ ಕಟ್ಟುವ ಗೋಳು ಬಹಳಷ್ಟು ತಪ್ಪಿತು.

ಮೇಲೆ ಹತ್ತಿದವರು

ಈ ಎಲ್ಲ ವಾದಗಳ ನಡುವೆ ಹಿಂದೆ ಸರಿದದ್ದು ಮನುಷ್ಯ. ನೆಲದಿಂದ ಹತ್ತು ಹನ್ನೆರಡು ಅಡಿ ಎತ್ತರದಲ್ಲಿ, ಒದ್ದೆಯಾದ ಪ್ಲಾಸ್ಟಿಕ್ ಮೇಲೆ, ಬರಿಗಾಲಲ್ಲಿ ನಿಂತು ತಾಡಪತ್ರಿ ಎಳೆಯುವವನಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಗಾಳಿ ಬಂದರೆ ತಾಡಪತ್ರಿ ಅವನನ್ನೂ ಸೇರಿಸಿ ಎತ್ತುತ್ತದೆ, ತಲೆಯ ಮೇಲೆ ಕರೆಂಟಿನ ತಂತಿ. ಹಗ್ಗ ಜಗ್ಗುವಾಗ ಹರಿದರೆ ಜಗ್ಗುವವನು ಹಿಮ್ಮುಖವಾಗಿ ಬೀಳುತ್ತಾನೆ. ಬೇರೆ ದೇಶಗಳಲ್ಲಿ ನೆಲದಲ್ಲೇ ನಿಂತು ಹೊದಿಸುವ ಯಾಂತ್ರಿಕ ವ್ಯವಸ್ಥೆ ಬಂದದ್ದು ಮುಖ್ಯವಾಗಿ ಈ ಬೀಳುವಿಕೆ ತಪ್ಪಿಸಲಿಕ್ಕೆ. ನಮ್ಮ ಕಡೆ ಹಗ್ಗವೋ ಪಟ್ಟಿಯೋ ಎಂಬ ಚರ್ಚೆ ಸರಕಿನ ಸುತ್ತಲೇ ನಡೆಯುತ್ತದೆ. ಮಾರುಕಟ್ಟೆ ಪ್ರಾಂಗಣದಲ್ಲಿ, ಟ್ರಾನ್ಸ್‌ಪೋರ್ಟ್ ಗೋದಾಮಿನ ಅಂಗಳದಲ್ಲಿ ಲಾರಿಯ ಎತ್ತರಕ್ಕೆ ಒಂದು ಕಟ್ಟೆ, ಹಿಡಿಕೆಯ ಒಂದು ಏಣಿ ಕಟ್ಟಿಸುವುದು ದೊಡ್ಡ ಖರ್ಚಲ್ಲ. ಇದು ಯಾವ ಪಂಥ ಗೆದ್ದರೂ ಮೊದಲು ಆಗಬೇಕಾದ ಕೆಲಸ.

ಕಲಿಸುವವರೂ ಕಡಿಮೆಯಾಗುತ್ತಿದ್ದಾರೆ. ಕ್ಲೀನರ್ ಆಗಿ ಸೇರಿ, ವರ್ಷಗಟ್ಟಲೆ ಹಗ್ಗ ಸುತ್ತಿ, ಆಮೇಲೆ ಸ್ಟೇರಿಂಗ್ ಹಿಡಿಯುವ ದಾರಿ ಮುಚ್ಚುತ್ತಿದೆ. ಒಬ್ಬನೇ ಚಾಲಕ ಓಡಿಸುವ ಲಾರಿಯಲ್ಲಿ ಎರಡು ಬದಿಗೆ ಹಗ್ಗ ಎಸೆಯುವವರು ಯಾರು?

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು ಹೊಣೆ. 1865ರ ಸಾಗಣೆದಾರರ ಕಾಯ್ದೆಯ ಜಾಗದಲ್ಲಿ ಬಂದ 2007ರ ರಸ್ತೆ ಸಾಗಣೆ ಕಾಯ್ದೆ ಸರಕಿನ ನಷ್ಟವನ್ನು ಸಾಗಣೆದಾರನ ತಲೆಗೆ ಕಟ್ಟುತ್ತದೆ. ದೈವಿಕ ವಿಪತ್ತಿಗೆ ವಿನಾಯಿತಿಯಿದ್ದರೂ ಎಚ್ಚರ ವಹಿಸಿದ್ದರೆ ತಪ್ಪಿಸಬಹುದಾಗಿದ್ದ ನಷ್ಟಕ್ಕೆ ಅದು ಸಿಗದು. ಜುಲೈ ತಿಂಗಳ ಅನಮೋಡಿನ ಮಳೆಯನ್ನು ಯಾರೂ ವಿಪತ್ತು ಎನ್ನಲಾರರು. ಆದರೆ ಥಪ್ಪಿ ಹಚ್ಚಿದ್ದು ವ್ಯಾಪಾರಿ ಕರೆಸಿದ ಹಮಾಲರು, ತಾಡಪತ್ರಿ ಮಾಲೀಕನದು, ಗಂಟು ಚಾಲಕನದು. ಥಪ್ಪಿ ಕುಸಿದಾಗ ಇವರಲ್ಲಿ ಯಾರ ಪಾಲು ಎಷ್ಟು ಎಂಬುದು ಪ್ರತಿ ಸಲವೂ ಹೊಸ ಜಗಳ.

ಎರಡನೆಯದು ಅಳತೆ. ಭಾರಕ್ಕೆ ಕಾಟಾ ಇದೆ, ಎತ್ತರಕ್ಕೆ ಅಳತೆಗೋಲಿದೆ. ಹಗ್ಗದ ವಯಸ್ಸಿಗೆ, ಬಿಗಿಗೆ ರಸ್ತೆಬದಿಯಲ್ಲಿ ಅಳತೆಯಿಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ಕಂಡ ಪ್ಲಾಸ್ಟಿಕ್ ಹಗ್ಗವನ್ನು ಇನ್ನು ಬಳಸಬಹುದೇ ಎಂದು ಹೇಳುವುದು ಕಣ್ಣು ಮತ್ತು ಉಗುರು. ಚಾಲಕನ ಬೆರಳ ಮೀಟನ್ನು ಒಂದು ಸಾದಾ ತೂಕದ ಸ್ಪ್ರಿಂಗ್ ಜೊತೆ ಹೋಲಿಸಿ ನೋಡುವ ಕೆಲಸಕ್ಕೆ ಎಂಜಿನಿಯರಿಂಗ್ ಕಾಲೇಜುಗಳ ಊರಾದ ಹುಬ್ಬಳ್ಳಿ-ಧಾರವಾಡಕ್ಕಿಂತ ತಕ್ಕ ಜಾಗ ಬೇರೆಯಿಲ್ಲ.

ಮೂರನೆಯದು ಹಗುರ ಸರಕು. ತೂಕದ ಮಿತಿಗೆ ಬೀಳದೆ ಗೋಡೆಯ ಮೇಲೇಳುವ ಹತ್ತಿ, ಕಣಕಿ, ಮೆಣಸಿನಕಾಯಿಗೆ ಎರಡು ಸುತ್ತಿನ ಪದ್ಧತಿ, ಅಂದರೆ ಸರಕಿಗೊಂದು ಹಗ್ಗ, ತಾಡಪತ್ರಿಗೊಂದು ಹಗ್ಗ, ನಮ್ಮ ಬಾಡಿಗೆ ದರದಲ್ಲಿ ಗಿಟ್ಟುತ್ತದೆಯೇ? ಅದಕ್ಕೆ ಬೇಕಾದ ಹೆಚ್ಚುವರಿ ಗಂಟೆಯ ಹಮಾಲಿ ಯಾರು ಕೊಡಬೇಕು? ಕಬ್ಬಿನ ಟ್ರೇಲರಿಗೆ, ಕ್ರೇನಿನ ಸರಪಳಿಯನ್ನೇ ದಾರಿಯ ಬಿಗಿತಕ್ಕೂ ಬಳಸುವ ಬಗೆಯೊಂದನ್ನು ಕಾರ್ಖಾನೆಗಳು ಕಂಡುಹಿಡಿಯಬಲ್ಲವೇ? ಮತ್ತು ಪುಂಡಿ ನಾರಿನಿಂದ ಪ್ಲಾಸ್ಟಿಕ್‌ವರೆಗೆ ನಡೆದುಬಂದ ಈ ಕೈಗಸಬಿನ ಗಂಟುಗಳನ್ನು, ಮಡಿಕೆಗಳನ್ನು, ಬಲ್ಲವರು ಇರುವಾಗಲೇ ಚಿತ್ರಸಮೇತ ದಾಖಲಿಸುವ ಹೊಣೆ ವಿಶ್ವವಿದ್ಯಾಲಯದ ಜಾನಪದ ವಿಭಾಗದ್ದೋ, ಸಾರಿಗೆ ಇಲಾಖೆಯ ಚಾಲನಾ ತರಬೇತಿಯದೋ ಎಂಬುದೂ ತೀರ್ಮಾನವಾಗಬೇಕಿದೆ.